ಅಣ್ಣನ ಬೆನ್ನಿನ ಚೀಟಿ

ಪರೀಕ್ಷೆಯ ದಿನ ಬೆಳಿಗ್ಗೆ ಅಮ್ಮ ಮೇಜಿನ ಮೇಲೆ ಎರಡೇ ತಟ್ಟೆ ಇಟ್ಟಳು.

"ಅಣ್ಣಂಗೆ?" ಎಂದಳು ಮಗಳು, ಪುಸ್ತಕದಿಂದ ತಲೆ ಎತ್ತದೆ.

"ಯಾವ ಅಣ್ಣಂಗೆ?"

ಮಗಳು ನಕ್ಕಳು. ಅಮ್ಮ ನಗಲಿಲ್ಲ. ಅಮ್ಮ ತಮಾಷೆ ಮಾಡುವ ಜಾತಿಯೇ ಅಲ್ಲ. ನೋಂದಣಿ ಕಚೇರಿಯಲ್ಲಿ ಮೂವತ್ತು ವರ್ಷ ಗುಮಾಸ್ತೆಯಾಗಿದ್ದವಳು. ಮದುವೆ ನೋಂದಾಯಿಸಲು ಬಂದ ಸಾವಿರಾರು ಜೋಡಿಗಳು ಅವಳ ಮುಖ ನೋಡಿ ಮತ್ತೊಮ್ಮೆ ಯೋಚಿಸಿ ವಾಪಸು ಹೋಗಿದ್ದುಂಟು.

ಆ ಮನೆಯಲ್ಲಿ ಸಂವಿಧಾನ ಅಂಟದ ಜಾಗವಿರಲಿಲ್ಲ. ಒಂದೊಂದು ವಿಧಿಯನ್ನೂ ಚೀಟಿಯಲ್ಲಿ ಬರೆದು ಮನೆಯ ಒಂದೊಂದು ವಸ್ತುವಿಗೆ ಅಂಟಿಸಿ, ಸತ್ತರೂ ಮರೆಯಲ್ಲ ಎಂದು ಕೋಚಿಂಗ್ ಮೇಷ್ಟ್ರು ಹೇಳಿಕೊಟ್ಟಿದ್ದರು. ಸರ್ಕಾರಿ ಅಧಿಕಾರಿಯಾಗಲು ಮಗಳಿಗೆ ಇದು ನಾಲ್ಕನೆಯ ಪ್ರಯತ್ನ, ವಯಸ್ಸಿನ ಲೆಕ್ಕದಲ್ಲಿ ಕೊನೆಯದು. ಆದ್ದರಿಂದ ವಾಕ್ ಸ್ವಾತಂತ್ರ್ಯ ಕುಕ್ಕರಿನ ಮೇಲೆ, ಸಮಾನತೆ ಬಚ್ಚಲ ಬಾಗಿಲ ಮೇಲೆ, ತುರ್ತು ಪರಿಸ್ಥಿತಿ ಗ್ಯಾಸ್ ಸಿಲಿಂಡರಿನ ಮೇಲೆ. ಮೂಲಭೂತ ಹಕ್ಕುಗಳನ್ನು ಓದಿಕೊಂಡ ಜಿರಲೆಗಳು ಪೊರಕೆ ಕಂಡರೂ ಓಡುವುದನ್ನು ಬಿಟ್ಟಿದ್ದವು.

ಉಳಿದದ್ದು ಮೂವತ್ತೊಂದನೆಯದು ಒಂದೇ. ಅದು ತೆಗೆದುಹಾಕಿದ ವಿಧಿ. ಪುಸ್ತಕದಲ್ಲಿ ಸಂಖ್ಯೆಯಿದೆ, ಮುಂದೆ 'ರದ್ದುಪಡಿಸಲಾಗಿದೆ' ಎಂಬ ಒಂದು ಮಾತು, ಬಳಿಕ ಬರೀ ಬಿಳಿ ಕಾಗದ. ಏನೂ ಇಲ್ಲದ್ದನ್ನು ಎಲ್ಲಿಗೆ ಅಂಟಿಸುವುದು ಎಂದು ಅವಳು ತಲೆ ಕೆರೆದುಕೊಳ್ಳುತ್ತಿದ್ದಾಗ, ನಿನ್ನೆ ಸಂಜೆ, ಅಣ್ಣ ಕೆಲಸದಿಂದ ಬಂದ. ಲಿಫ್ಟ್ ರಿಪೇರಿಯವನು. ಅವನು ನಕ್ಕರೆ ಹನ್ನೆರಡನೆಯ ಮಹಡಿಯ ಲಿಫ್ಟು ಗುಂಡಿ ಒತ್ತದೆಯೇ ಕೆಳಗಿಳಿಯುತ್ತಿತ್ತು.

"ಏನಮ್ಮಾ ದೊಡ್ಡ ಆಫೀಸರಮ್ಮ, ಈ ಸಲಾನೂ ಡುಮ್ಕಿ ಹೊಡೆದ್ರೆ ನನ್ನ ಸ್ಪ್ಯಾನರ್ ಹಿಡ್ಕೊಳ್ಳೋಕೆ ಬಂದ್ಬಿಡು. ಸಂಬಳ ಕೊಡಲ್ಲ, ಬೈಗುಳ ಫ್ರೀ!"

ಅವಳು ಎದ್ದು ಚೀಟಿಯನ್ನು ಅವನ ಬೆನ್ನಿಗೆ ರಪ್ಪೆಂದು ಬಡಿದು ಅಂಟಿಸಿದಳು. ನಗು ಅರ್ಧಕ್ಕೇ ನಿಂತಿತು. ಸದ್ಯ, ಬಾಯಿ ಮುಚ್ಚಿದ ಎಂದುಕೊಂಡು ಅವಳು ಪುಸ್ತಕಕ್ಕೆ ಮರಳಿದ್ದಳು.

ಈಗ ಅವಳು ಅಣ್ಣನ ಕೋಣೆಗೆ ಓಡಿದಳು. ಮಂಚವಿದ್ದಲ್ಲಿ ಹಳೆಯ ಟ್ರಂಕುಗಳಿದ್ದವು. ಅವುಗಳ ಮೇಲೆ ಜೋಳ ಬಿತ್ತುವಷ್ಟು ಧೂಳು. ಕೋಣೆಯ ನಡುವೆ, ಆಳೆತ್ತರದಲ್ಲಿ, ಚೀಟಿಯೊಂದು ಗಾಳಿಯಲ್ಲಿ ನಿಂತಿತ್ತು. ಫ್ಯಾನು ತಿರುಗುತ್ತಿರಲಿಲ್ಲ. ಚೀಟಿ ಮಾತ್ರ ಉಸಿರಾಡುವ ಬೆನ್ನಿನ ಮೇಲಿರುವಂತೆ ಮೆಲ್ಲಗೆ ಮುಂದೆ ಬಂದು, ಮೆಲ್ಲಗೆ ಹಿಂದೆ ಸರಿಯುತ್ತಿತ್ತು. ಅವಳು ಅದರ ಮೂಲೆ ಹಿಡಿದು ಎಳೆದಳು. ಕಾಗದ ಚೂರು ಹರಿಯಿತು. ಚೀಟಿಯ ಉಸಿರು ನಿಂತುಹೋಯಿತು. ಥಟ್ಟನೆ ಕೈಬಿಟ್ಟಳು. ಎಷ್ಟೋ ಹೊತ್ತಿನ ಮೇಲೆ ಚೀಟಿ ಮತ್ತೆ ಅಲುಗಿತು.

ಕಿತ್ತರೆ ಅಪಾಯ. ರದ್ದಾದ ವಿಧಿಯನ್ನು ವಾಪಸು ತರಲು ಇರುವುದು ಒಂದೇ ದಾರಿ: ತಿದ್ದುಪಡಿ. ಸದಸ್ಯರಲ್ಲಿ ಮೂರನೇ ಎರಡು ಭಾಗದಷ್ಟು ಜನ ಒಪ್ಪಬೇಕು. ಅದನ್ನು ನಿದ್ದೆಯಲ್ಲೂ ಒಪ್ಪಿಸಬಲ್ಲವಳು ಅವಳು. ಹೊಸ ಚೀಟಿ ತೆಗೆದು ಪುಸ್ತಕದ ಧಾಟಿಯಲ್ಲೇ ಗೀಚಿದಳು: '31. ಅಣ್ಣನು ಈ ಮನೆಯಲ್ಲಿ ಇರತಕ್ಕದ್ದು. ಇದು ಇಂದಿನಿಂದ ಜಾರಿಗೆ ಬರತಕ್ಕದ್ದು.' ತಾನು ಸಹಿ ಮಾಡಿ ಅಮ್ಮನ ಮುಂದೆ ಹಿಡಿದಳು.

"ಅಮ್ಮಾ, ಇಲ್ಲೊಂದು ಸಹಿ ಹಾಕು. ಮೂರು ಜನದಲ್ಲಿ ಇಬ್ಬರದು ಬೇಕು."

"ಮೂರನೆಯವರು ಯಾರೇ? ಇರೋದು ನಾನು ನೀನು."

"ಇಬ್ಬರೇ ಅಂದ್ರೂ ನಿನ್ನ ಸಹಿ ಬೇಕೇ ಬೇಕು!"

"ಆಳು ಎದುರಿಗೆ ಹಾಜರಿಲ್ದೆ ಮೂವತ್ತು ವರ್ಷದಲ್ಲಿ ಒಂದು ಸಹಿ ಹಾಕಿಲ್ಲ ನಾನು. ಮಂತ್ರಿ ಫೋನ್ ಮಾಡಿದ್ರೂ ಹಾಕ್ಲಿಲ್ಲ."

"ಹಂಗಾದ್ರೆ ಪರೀಕ್ಷೆಗೆ ಹೋಗಲ್ಲ. ಇಲ್ಲೇ ಕೂತಿರ್ತೀನಿ."

ಅಮ್ಮ ಗಡಿಯಾರ ನೋಡಿದಳು. "ಓದಿ ಓದಿ ತಲೆ ಕೆಟ್ಟಿದೆ ನಿಂಗೆ," ಎಂದು ಗೊಣಗುತ್ತಾ, ಜೀವಮಾನದಲ್ಲಿ ಮೊದಲ ಬಾರಿಗೆ, ಕಾಣದವನ ಹೆಸರಿಗೆ ಸಹಿ ಹಾಕಿದಳು.

ಮಗಳು ಅದನ್ನು ಹಳೆಯ ಚೀಟಿಯ ಮೇಲೆ ಒತ್ತಿ ಹಿಡಿದಳು. ಅಂಗೈಗೆ ಮೊದಲು ಬಿಸಿ ತಾಗಿತು, ಆಮೇಲೆ ಗ್ರೀಸಿನ ವಾಸನೆಯ ಅಂಗಿ, ಆಮೇಲೆ ಇಡೀ ಅಣ್ಣ.

"ಏನೇ, ಇಬ್ಬರಿಗೂ ಕಿವುಡಾ? ರಾತ್ರಿಯಿಂದ ಕೂಗಿ ಕೂಗಿ ಗಂಟಲು ಹರ್ಕೊಂಡೆ!" ಅವನ ಮುಖ ಬಿಳಿಚಿಕೊಂಡಿತ್ತು. ತಂಗಿಯ ತಲೆಗೊಂದು ಮೊಟಕಿ, ಅಡುಗೆಮನೆಗೆ ನಡೆದ. "ಅಮ್ಮಾ, ಪ್ರಾಣ ಹೋಗ್ತಿದೆ, ಏನಾದ್ರೂ ತಿನ್ನೋಕೆ ಕೊಡು."

ಅಮ್ಮ ಕೈ ಒರೆಸಿಕೊಳ್ಳುತ್ತಾ ಎದ್ದು ನಿಂತಳು. ಕಚೇರಿಯ ಕಿಟಕಿಯಾಚೆ ನಿಂತವರನ್ನು ನೋಡುತ್ತಿದ್ದಳಲ್ಲ, ಹಾಗೆ ನೋಡಿದಳು.

"ಬನ್ನಿ. ನಿಮಗೇನಾ ಸಹಿ ಬೇಕಾಗಿದ್ದಿದ್ದು?"

"ಅಮ್ಮಾ?"

ಮಗಳು ಅವನ ಬೆನ್ನಿನ ಮೇಲೆ ತನ್ನದೇ ಅಕ್ಷರಗಳನ್ನು ಓದಿದಳು. ಇಂದಿನಿಂದ. ಹುಟ್ಟಿದ ದಿನದಿಂದ ಎಂದು ಬರೆಯಲು ಅದಕ್ಕಿಂತ ಒಂದು ಕ್ಷಣ ಹೆಚ್ಚೂ ಬೇಕಿರಲಿಲ್ಲ. ಉಗುರು ಹಾಕಿದಳು. ಅಂಟು ಆಗಲೇ ಕಲ್ಲಾಗಿತ್ತು.

ಅಮ್ಮ ತನ್ನ ತಟ್ಟೆಯನ್ನೇ ಅವನತ್ತ ಸರಿಸಿದಳು. "ತಿಂದು ಬೇಗ ಮನೆಗೆ ಹೋಗಪ್ಪಾ. ರಾತ್ರಿಯೆಲ್ಲಾ ಹೊರಗಿದ್ದೀಯಂತೆ, ಪಾಪ, ನಿಮ್ಮಮ್ಮ ಕಾಯ್ತಿರ್ತಾರೆ."