ಶೀನಜ್ಜನ ಹವಳದ ಗುಟ್ಟು

ಕುಂದಾಪುರದ ಕಡೆ, ಕಡಲಂಚಿನ ಒಂದು ಊರು...

ಅಲ್ಲಿ ಶೀನಜ್ಜ ಎಂಬ ಮೀನುಗಾರರಿದ್ದರು. ಸಣ್ಣ ದೋಣಿ, ಕೈಯಲ್ಲೊಂದು ಗಾಳ, ದಿನವೂ ಊರಿನ ಹೊಟ್ಟೆ ಉರಿಸುವಂಥ ಮೀನು.

ಅವರಿಗೆ ಮಾತ್ರ ಗೊತ್ತಿದ್ದ ಒಂದು ಹವಳದ ಬಂಡೆ ನೀರಿನಡಿ ಇತ್ತು. ಮೀನುಗಳು ಮೊಟ್ಟೆಯಿಡಲು, ಮರಿಗಳು ಅಡಗಿಕೊಳ್ಳಲು ಅಲ್ಲಿಗೇ ಬರುತ್ತಿದ್ದವು.

ದೋಣಿಯಿಂದ ನೋಡಿದರೆ ದಡದ ಮೊಬೈಲ್ ಟವರ್ ಐಸ್ ಫ್ಯಾಕ್ಟರಿಯ ಟ್ಯಾಂಕಿನ ಹಿಂದೆ ಅಡಗಬೇಕು, ಇಗರ್ಜಿಯ ಶಿಲುಬೆ ಗುಡ್ಡದ ತುದಿಗೆ ತಾಗಬೇಕು... ಆಗ ಕೆಳಗೆ ಹವಳ.

ಅಜ್ಜನ ಅಪ್ಪನ ಕಾಲದಲ್ಲಿ ಟವರ್ ಜಾಗದಲ್ಲಿ ತಾಳೆಮರ ಇತ್ತಂತೆ. ಗುರುತು ಬದಲಾಗಿತ್ತು, ಗುಟ್ಟು ಬದಲಾಗಿರಲಿಲ್ಲ.

ಇಂಥ ಗುರುತನ್ನು ಮಗನಿಗೆ ಮಾತ್ರ ಹೇಳುವುದು ಆ ಮನೆಯ ವಾಡಿಕೆ. ಅದೂ ಬೊಗಸೆಗೆ ಕಡಲ ನೀರು ಹಾಕಿ, ಆಣೆ ಮಾಡಿಸಿಕೊಂಡ ಮೇಲೆ. ಅಜ್ಜನಿಗೆ ಮಕ್ಕಳಿರಲಿಲ್ಲ.

ಒಂದು ಬೇಸಿಗೆ ಮೀನು ಬೀಳುವುದೇ ನಿಂತುಹೋಯಿತು... ಮುಳುಗಿ ನೋಡಿದರೆ ಹವಳವೆಲ್ಲ ಸುಣ್ಣ ಬಳಿದ ಹಾಗೆ ಬೆಳ್ಳಗಾಗಿತ್ತು.

ಆಗ ಊರಿನಲ್ಲಿ ಮೇದಿನಿ ಎಂಬ ತುಮಕೂರಿನ ಹುಡುಗಿ ಇದ್ದಳು, ಕಡಲಜೀವಿಗಳ ಸಂಶೋಧನೆಗೆ ಬಂದವಳು. ಅಜ್ಜ ಬಹಳ ಯೋಚಿಸಿ, ಅವಳ ಬೊಗಸೆಗೆ ಕಡಲ ನೀರು ಹಾಕಿದರು.

"ಯಾರಿಗೂ ಹೇಳುಕಾಗ."

"ಹೇಳಲ್ಲ ಅಜ್ಜ."

"ನಿನ್ನ ಸಾಹೇಬ್ರಿಗೂ?"

"ನಮ್ಮ ಸಾಹೇಬ್ರಿಗೆ ಈಜೇ ಬರಲ್ಲ. ಹೇಳಿದ್ರೂ ಏನ್ ಮಾಡ್ತಾರೆ?"

ಅಜ್ಜ ನಕ್ಕು ದೋಣಿ ತಿರುಗಿಸಿದರು. ಅವಳು ಮುಳುಗಿ ಮೇಲೆ ಬರುವವರೆಗೆ ಆ ನಗು ಉಳಿಯಲಿಲ್ಲ.

"ಸತ್ ಹೋಯ್ತಾ ಮಗಾ?"

"ಇಲ್ಲ ಅಜ್ಜ, ಹಸಿದಿದೆ. ಹವಳ ಕಲ್ಲಲ್ಲ, ಜೀವ. ಅದರ ಮೈಯೊಳಗಿರೋ ಪಾಚಿನೇ ಅದಕ್ಕೆ ಊಟ ಹಾಕೋದು, ಬಣ್ಣ ಕೊಡೋದು. ನೀರು ತುಂಬಾ ಬಿಸಿಯಾದ್ರೆ ಆ ಪಾಚಿನೇ ಹೊರಗೆ ಹಾಕ್ಬಿಡುತ್ತೆ."

"ಊಟ ಹಾಕುವರನ್ನೇ ಹೊರಗ್ ಹಾಕೂದಾ? ನಮ್ಮ್ ಮನುಷ್ಯರ ಹಾಂಗೇ ಇತ್ತಲೆ!"

ಮಳೆ ಬಂತು, ನೀರು ತಣಿಯಿತು, ಅಲ್ಲಲ್ಲಿ ಬಣ್ಣ ಮರಳಿತು. ಮುರಿದು ಬಿದ್ದಿದ್ದ ಜೀವಂತ ತುಂಡುಗಳನ್ನು ಆರಿಸಿ, ಸಿಮೆಂಟ್ ಬಿಲ್ಲೆಗಳಿಗೆ ಕಟ್ಟಿ, ಸತ್ತ ಜಾಗದಲ್ಲಿ ಇಬ್ಬರೂ ನೆಟ್ಟರು. ವರ್ಷಕ್ಕೆ ಹೆಬ್ಬೆರಳಿನಷ್ಟು ಬೆಳೆದರೆ ಅದೇ ದೊಡ್ಡದು... ಬೆಳೆಯಿತು. ಮೀನೂ ಬಂತು.

ಮೇದಿನಿ ಒಂದು ಸಭೆಗೆಂದು ಮಂಗಳೂರಿಗೆ ಹೋದಳು.

ಹಿಂದೆಯೇ ಊರಿನ ವಾಟ್ಸಾಪ್ ಗ್ರೂಪಿಗೆ ಒಂದು ವಿಡಿಯೊ ಬಂತು. ವೇದಿಕೆ. ಹೆಗಲ ಮೇಲೆ ಶಾಲು ಹೊದ್ದ ಮೇದಿನಿ. ಹಿಂದೆ ಕರಾವಳಿಯ ದೊಡ್ಡ ನಕ್ಷೆ, ಕಡಲಿನಲ್ಲೊಂದು ಕೆಂಪು ಚುಕ್ಕೆ. "ನಮ್ಮ ಹವಳ ಇಲ್ಲಿದೆ ನೋಡಿ..." ಎನ್ನುತ್ತಾಳೆ. ವಿಡಿಯೊ ಅಲ್ಲಿಗೇ ಮುಗಿಯುತ್ತದೆ.

ಅದನ್ನು ಚಹಾದಂಗಡಿಯಲ್ಲಿ ಅಜ್ಜನಿಗೆ ತೋರಿಸಿದವನು ಟೂರಿಸ್ಟ್ ಬೋಟಿನ ಸುಧಾಕರ. ಆ ಜಾಗ ಎಲ್ಲಿ ಎಂದು ಅಜ್ಜನ ಹಿಂದೆ ಎಷ್ಟೋ ವರ್ಷದಿಂದ ಬಿದ್ದಿದ್ದವನು.

"ಅಜ್ಜಾ, ಆ ಹೆಣ್ಣ್ ನಿಮ್ಗೆ ಲಾಯ್ಕ್ ಟೊಪ್ಪಿ ಹಾಕ್ತಲೆ!"

ಅಜ್ಜ ನಕ್ಷೆ ಓದುವವರಲ್ಲ. ಕಡಲಲ್ಲಿ ನಿಂತು ದಡ ನೋಡಿ ದಾರಿ ತಿಳಿದವರು. ಹಕ್ಕಿಯ ಹಾಗೆ ಮೇಲಿನಿಂದ ನೋಡಿ ಅಭ್ಯಾಸವಿಲ್ಲ. ಚುಕ್ಕೆ ಕಂಡಿತು. ಅಷ್ಟೇ ಸಾಕಾಯಿತು.

ಮೇದಿನಿಯ ಫೋನ್ ಬಂತು. ಕಟ್ ಮಾಡಿದರು. ಮತ್ತೆ ಬಂತು, ಮತ್ತೆ ಕಟ್...

"ಊರಿಗೆಲ್ಲ ಗೊತ್ತಾಯ್ತಲೆ. ಇನ್ನ್ ಎಂತಕ್ಕೆ ಮುಚ್ಚಿಡೂದ್? ಬಾ ಸುಧಾಕರ, ನಾನೇ ತೋರಿಸ್ತೆ."

ಸುಧಾಕರ ಅಂದು ಅಜ್ಜನ ಚಹಾಕ್ಕೂ ತಾನೇ ದುಡ್ಡು ಕೊಟ್ಟ. ಅಂಗಡಿಯವರೇ ಬೆರಗಾದರು.

ಮೇದಿನಿ ಊರಿಗೆ ಮರಳಿದಾಗ ಹವಳದ ನೆತ್ತಿಯ ಮೇಲೆ ಬೋಟುಗಳು ಸಾಲಾಗಿ ನಿಂತಿದ್ದವು. ಲಂಗರಿನ ಮೇಲೆ ಲಂಗರು ಬೀಳುತ್ತಿತ್ತು... ಅವಳು ದಡದಲ್ಲಿ ಕೂತಿದ್ದ ಅಜ್ಜನ ಬಳಿಗೆ ಓಡಿದಳು.

"ಅಜ್ಜ! ಅಲ್ಲಿಗೆ ಬೋಟು ಹೇಗೆ ಹೋಯ್ತು?"

"ನನ್ನ ಹತ್ರ ಕೇಣ್ತ್ಯಾ? ಚುಕ್ಕಿ ಇಟ್ಟ್ ಊರಿಗೆಲ್ಲ ತೋರ್ಸಿದ್ದ್ ಯಾರ್? ಕಡಲ್ ನೀರ್ ಮುಟ್ಟಿ ಆಣೆ ಮಾಡಿದ್ದ್ ಯಾರ್?"

ಚುಕ್ಕಿ ಎಂದೊಡನೆ ಅವಳಿಗೆ ಸಭೆಯ ನಕ್ಷೆ ನೆನಪಾಯಿತು.

"ಅಜ್ಜ... ಆ ಚುಕ್ಕೆ ನೇತ್ರಾಣಿ ದ್ವೀಪ. ನಮ್ಮ ಕರಾವಳಿಯ ಹವಳ ಅಂತ ಅದನ್ನ ತೋರಿಸಿದೆ, ಅಲ್ಲಿ ಹವಳ ಇರೋದು ಎಲ್ಲರಿಗೂ ಗೊತ್ತು. ನಮ್ಮ ಜಾಗ ಅಲ್ಲ."

ಫೋನ್ ತೆಗೆದು ಪೂರ್ತಿ ವಿಡಿಯೊ ಹಾಕಿದಳು. ಯಾರೂ ಫಾರ್ವರ್ಡ್ ಮಾಡದಿದ್ದ ಉಳಿದರ್ಧ ಅದರಲ್ಲಿತ್ತು.

ಸಭೆಯಲ್ಲಿ ಯಾರೋ ಕೇಳುತ್ತಾರೆ: "ನೀವು ಹವಳ ನೆಟ್ಟ ಜಾಗ ಯಾವುದು ಮೇಡಮ್? ಅದು ಹೇಳದಿದ್ರೆ ನಿಮ್ಮ ಪ್ರಾಜೆಕ್ಟ್ ಮುಂದುವರಿಯೋದು ಕಷ್ಟ."

ಪರದೆಯ ಮೇಲಿನ ಮೇದಿನಿ ನಗುತ್ತಾಳೆ. "ನಿಂತ್ರೆ ನಿಲ್ಲಲಿ ಸರ್. ಅದು ನಮ್ಮಜ್ಜನ ಮನೆ. ಅವರನ್ನ ಕೇಳದೆ ವಿಳಾಸ ಕೊಡಲ್ಲ."

ಅಜ್ಜ ಇನ್ನೊಮ್ಮೆ ಹಾಕಲು ಹೇಳಿದರು. ಆಮೇಲೆ ಇನ್ನೊಮ್ಮೆ...

"ಸುಧಾಕರಂಗೆ ನಕ್ಷೆ ಓದುಕ್ ಬತ್ತಲ್ದಾ?" ಎಂದು ಮೆಲ್ಲಗೆ ಕೇಳಿದರು.

"ಬೋಟ್ ನಡೆಸೋನಿಗೆ ಬರದೆ ಇರುತ್ತಾ ಅಜ್ಜ?"

"ಅಂವ ಮೋಸ ಮಾಡ್ದ, ಆಯ್ತ್. ಗುರ್ತ್ ತೋರ್ಸಿದ್ ಮಾತ್ರ ನನ್ನ ಕೈಯೇ ಮಗಾ..."

ಸಂಜೆ ಬೋಟುಗಳು ಹೋದ ಮೇಲೆ ಇಬ್ಬರೂ ಹೋಗಿ ನೋಡಿದರು. ಹೆಬ್ಬೆರಳುದ್ದ ಬೆಳೆದಿದ್ದ ಹವಳ ಪುಡಿಯಾಗಿತ್ತು. ಮೇದಿನಿ ಅಳುತ್ತಲೇ ಮುಳುಗಿ, ಪುಡಿಯೊಳಗಿಂದ ಜೀವ ಇರುವ ತುಂಡುಗಳನ್ನು ಆರಿಸತೊಡಗಿದಳು.

"ನಾಳೆ ಹವಳ ಇಲ್ದಿದ್ದ ಬದಿಯಲ್ಲ್, ಬರೀ ಹೊಯ್ಗೆ ಮೇಲೆ, ತೇಲೂ ಡ್ರಮ್ ಕಟ್ಟುವ. ಬೋಟ್ ಬೇಕಾರೆ ಅದಕ್ಕೆ ಕಟ್ಕಣ್ಲಿ. ಇಲ್ಲಿ ಲಂಗರ್ ಹಾಕೂಕೆ ನಾ ಬಿಡೂದಿಲ್ಲೆ," ಎಂದರು ಅಜ್ಜ.

ಹೇಳಿದ ಗುಟ್ಟನ್ನು ಯಾರೂ ಹಿಂದಕ್ಕೆ ಕೊಡುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ದೋಣಿಯಲ್ಲಿ ಕೂತೇ ಬೊಗಸೆ ಚಾಚಿದರು.

"ಈ ಸರ್ತಿ ನೀ ನೀರ್ ಹಾಕ್ ಮಗಾ. ಆಣೆ ನಾನ್ ಮಾಡ್ತೆ."

ಅವಳು ಕಡಲ ನೀರು ಮೊಗೆದು ಹಾಕಿದಳು... ಎಷ್ಟು ಹಾಕಿದರೂ ಬೊಗಸೆಯಲ್ಲಿ ನಿಲ್ಲಲಿಲ್ಲ. ಬೆರಳ ಸಂದಿಯಿಂದ ಸೋರುತ್ತಿತ್ತು, ಅವಳು ಮತ್ತೆ ಮತ್ತೆ ಮೊಗೆಯುತ್ತಿದ್ದಳು.

*

ಬಿಸಿ ಏರಿದಾಗ ಹವಳದ ಹಾಗೆ ನಾವೂ ಮೊದಲು ಹೊರಗೆ ಹಾಕುವುದು ನಮ್ಮನ್ನು ಸಾಕಿದವರನ್ನೇ.

ಅರ್ಧ ವಿಡಿಯೊ ನೋಡಿ ನೀವು ಯಾರ ಫೋನ್ ಕಟ್ ಮಾಡಿದ್ದೀರಿ... ಉಳಿದರ್ಧ ಕೇಳಿದ್ದೀರಾ?