ತಾಮ್ರಗಡ್ಡದ ಹಕ್ಕಿ

"ನಂದು ನೂರಾ ಮೂವತ್ತೊಂದು!" ಎಂದು ಎಲಾದಿಯೊ ಮೇಜು ಕುಟ್ಟಿದ. "ನಿಂದು ಇನ್ನೂ ನೂರಾ ಮೂವತ್ತೇ. ಸೋತೆ ಅಂತ ಒಪ್ಕೊಂಡ್ಬಿಡೆ, ನೂಬಿಯಾ."

ಬೆಟ್ಟದಿಂದ ಆಗಷ್ಟೇ ಇಳಿದಿದ್ದ ನೂಬಿಯಾ ಬಿಸಿ ಬೆಲ್ಲದ ನೀರಿನ ಬಟ್ಟಲಿಗೆ ಅಂಗೈ ಒತ್ತಿ ಕೂತಿದ್ದಳು. ಕೊಲಂಬಿಯಾದ ಹಮ್ಮಿಂಗ್‌ಬರ್ಡ್‌ಗಳಲ್ಲಿ ಯಾರು ಎಷ್ಟು ಬಗೆ ನೋಡಿದರೆಂದು ಇಬ್ಬರಿಗೂ ನಲವತ್ತು ವರ್ಷಗಳ ಪೈಪೋಟಿ. ಅವಳಿಗೆ ಸಿಗದೆ ಉಳಿದದ್ದು ತಾಮ್ರಗಡ್ಡದ ಹಕ್ಕಿ. ಮೇಲಿನ ಕಣಿವೆ ಬಿಟ್ಟರೆ ಅದು ಬೇರೆಲ್ಲೂ ಇರಲಿಲ್ಲ. ಹನ್ನೆರಡು ವರ್ಷದ ಹಿಂದೆ ಆ ಕಣಿವೆ ಸುಟ್ಟುಹೋಯಿತು. ಆಮೇಲೆ ಹಕ್ಕಿಯನ್ನು ಕಂಡವನು ಎಲಾದಿಯೊ ಒಬ್ಬನೇ. ಅವನ ಮಾತು ನಂಬಿ ನೂಬಿಯಾ ಪ್ರತಿವರ್ಷ ಬೆಟ್ಟ ಹತ್ತಿದ್ದಳು. ಆ ಹಕ್ಕಿಗೆ ಬೇಕಾದ ಹೂಗಿಡಗಳನ್ನು ಬೆನ್ನಮೇಲೆ ಹೊತ್ತು ಸುಟ್ಟ ಇಳಿಜಾರಿನ ತುಂಬ ನೆಟ್ಟಿದ್ದಳು.

"ಗಿಡ ಎಲ್ಲಾ ಹೂ ಬಿಟ್ಟಿವೆ ಕಣೋ," ಎಂದಳು. "ಈ ಸಲಾನೂ ಬರ್ಲಿಲ್ಲ. ಮುಂದಿನ ವರ್ಷ ಬಂದೇ ಬರುತ್ತೆ ನೋಡು." ಬಗ್ಗಿ ಬೂಟು ಕಳಚಿದಳು. ಕಾಲುಚೀಲ ರಕ್ತದಿಂದ ಹಿಮ್ಮಡಿಗೆ ಅಂಟಿಕೊಂಡಿತ್ತು.

ಎಲಾದಿಯೊನ ನಗು ನಿಂತುಹೋಯಿತು. ಅವನು ಜೇಬಿನಿಂದ ತನ್ನ ಪಟ್ಟಿಯ ಪುಸ್ತಕ ತೆಗೆದು, ಕೊನೆಯ ಹೆಸರಿನ ಮೇಲೆ ಗೀಟು ಎಳೆದು ಅವಳತ್ತ ತಳ್ಳಿದ. "ಇನ್ನು ಹತ್ಬೇಡ ಮಾರಾಯ್ತಿ. ನಾನು ಅದನ್ನ ನೋಡೇ ಇಲ್ಲ. ನಿನಗಿಂತ ಒಂದು ಹೆಚ್ಚಿರ್ಲಿ ಅಂತ ಸುಳ್ಳು ಹೇಳಿದ್ದೆ. ಈಗ ನಂದೂ ನೂರಾ ಮೂವತ್ತು. ಸಮ ಆಯ್ತಲ್ಲ?"

ನೂಬಿಯಾ ಆ ಗೀಟನ್ನು ಬೆರಳಿನಿಂದ ಉಜ್ಜತೊಡಗಿದಳು. ಮಸಿ ಹರಡಿತೇ ಹೊರತು ಗೀಟು ಅಳಿಯಲಿಲ್ಲ.

"ನಿನ್ನ ಬಿಟ್ರೆ ಬೇರೆ ಯಾರೂ ನೋಡಿರ್ಲಿಲ್ವಲ್ಲೋ," ಎಂದಳು. "ಹಾಗಾದ್ರೆ ಅದು ಆ ಬೆಂಕೀಲೇ ಹೋಗಿತ್ತು."