ಒಳಗಿನ ಚಿಲಕ

ತಾರಸಿಯಲ್ಲಿ ಮಗುವಿನ ಬಟ್ಟೆ ಹರವಿ ಕೆಳಗಿಳಿದು ಬಂದ ಮೀರಾಗೆ, ತನ್ನ ಮನೆ ಬಾಗಿಲೆದುರೇ ಜಂಬಣ್ಣ ಮೇಷ್ಟ್ರು ನಿಂತಿರುವುದು ಕಂಡಿತು. ಓಲ್ಡ್ ಟೌನಿನ ಆ ಮನೆಯ ಮಾಲೀಕರು ಅವರು, ಕೆಳಗಡೆ ವಾಸ. ನೌಕರಿಯಿಂದ ರಿಟೈರಾಗಿದ್ದರೇ ಹೊರತು ಹೆಡ್‌ಮಾಸ್ಟರಿಕೆಯಿಂದ ಆಗಿರಲಿಲ್ಲ.

"ಟ್ಯಾಂಕ್ ತುಂಬಿ ಸುರೀತಿದೆಯೇನೋ ಅಂತ ನೋಡೋಕೆ ಬಂದೆ ಕಣಮ್ಮ," ಎಂದರು. "ಒಳಗೆ ಪಾಪು ಅಳ್ತಿದೆ ನೋಡು. ಹೋಗಿ ಎತ್ಕೋ."

ಪಾಪು ಅಳುತ್ತಿರುವುದು ಮೀರಾಗೂ ಕೇಳಿಸುತ್ತಿತ್ತು. ಆದರೆ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿತ್ತು. ಹಾಕಿದವಳು ಪಾಪುವಿನ ಅಕ್ಕ ಕವನ. ಮೇಷ್ಟ್ರ ಲೆಕ್ಕದಲ್ಲಿ ಈ ಹೊತ್ತಿಗೆ ಕವನ ಶಿವಮೊಗ್ಗದ ಶಾಲೆಯಲ್ಲಿರಬೇಕು.

ಹಾಗೆಂದು ಸುಳ್ಳು ಹೇಳಿದವಳು ಮೀರಾನೇ. ಓದುವಾಗ ತೊದಲಿದಳೆಂದು ಟೀಚರೊಬ್ಬರು ಇಡೀ ಕ್ಲಾಸಿನೆದುರು ಅಣಕಿಸಿದ ಮೇಲೆ ಹುಡುಗಿ ಬಾಯಿ ಬಿಡುವುದನ್ನೇ ನಿಲ್ಲಿಸಿದ್ದಳು. ಶಾಲೆ ಬಿಡಿಸಿ ಮನೆಯಲ್ಲೇ ಪಾಠ ಹೇಳಿಕೊಡತೊಡಗಿದ ಮೇಲೆ ಮಾತು ಮೆಲ್ಲಗೆ ಮರಳಿತು. ಬರುಬರುತ್ತಾ ಅಮ್ಮನ ತಲೆ ತಿನ್ನುವಷ್ಟಾಯಿತು. ಆದರೆ ಮೇಷ್ಟ್ರು ಒಂದು ದಿನ, "ಮಗೂನ ಸ್ಕೂಲಿಗೆ ಕಳಿಸ್ದೆ ಮನೇಲಿಟ್ಕೊಂಡ್ರೆ ನಾನೇ ಬಿಇಓ ಆಫೀಸಿಗೆ ಹೋಗಿ ಹೇಳ್ತೀನಿ" ಎಂದುಬಿಟ್ಟರು. ಬಾಣಂತಿ, ನಿದ್ದೆಗೆಟ್ಟ ತಲೆ. ಯಾರೋ ಬಂದು ಮಗಳನ್ನು ಎಳೆದುಕೊಂಡು ಹೋದಂತೆಯೇ ಆಯಿತು ಅವಳಿಗೆ. ಶಿವಮೊಗ್ಗದಲ್ಲಿ ಸೇರಿಸಿದ್ದೇವೆ, ನಸುಕಿಗೇ ಅಪ್ಪನ ಜೊತೆ ಹೋಗುತ್ತಾಳೆ ಎಂದು ಹೇಳಿ ಪಾರಾದಳು.

ಅಂದಿನಿಂದ ಮನೆಗೆ ಹೊಸ ಕಾನೂನು. ಸಂಜೆ ಶಾಲೆ ಬಿಡುವ ಹೊತ್ತಿನವರೆಗೆ ಬರೀ ಪಿಸುಮಾತು. ಅಮ್ಮ ಹೊರಗೆ ಕಾಲಿಟ್ಟರೆ ಚಿಲಕ. ಹಿಂದಿನ ವಾರ ಅಮ್ಮನ ದನಿ ಕೇಳಿ ಕವನ ಬಾಗಿಲು ತೆಗೆದಾಗ ಮೆಟ್ಟಿಲ ಮೇಲೆ ಮೇಷ್ಟ್ರಿದ್ದರು, ಸ್ವಲ್ಪದರಲ್ಲಿ ತಪ್ಪಿತ್ತು. "ಮೇಷ್ಟ್ರ ದನಿ ಕೇಳಿಸಿದ್ರೆ ನಾನೇ ಕರೆದ್ರೂ ತೆಗೀಬೇಡ. ಸಿಕ್ಕಿಬಿದ್ರೆ ನಿನ್ನ ಮತ್ತೆ ಆ ಟೀಚರ್ ಹತ್ರಾನೇ ಕಳಿಸ್ತಾರೆ" ಎಂದು ಮೀರಾ ಹೆದರಿಸಿದ್ದಳು. ಹೆದರಿಸಿದ್ದು ಅವಳಿಗೂ ಸರಿ ಕಂಡಿರಲಿಲ್ಲ. ಆದರೆ ಕೆಲಸಕ್ಕೆ ಬಂದಿತ್ತು.

"ಯಾಕಮ್ಮ, ನಿಂತೇ ಬಿಟ್ಟೆ?"

"ಬೀಗದ ಕೈ ಮೇಲೆ ಮರೆತು ಬಂದೆ ಅನ್ಸುತ್ತೆ ಮೇಷ್ಟ್ರೇ. ನೀವು ಹೋಗಿ, ನಾನು ತರ್ತೀನಿ."

ಮೇಷ್ಟ್ರು ಬಾಗಿಲನ್ನು ನೋಡಿದರು. ಅದಕ್ಕೆ ಬೀಗವೇ ಹಾಕಿರಲಿಲ್ಲ.

ಅಷ್ಟರಲ್ಲಿ ಪಾಪುವಿನ ಅಳು ನಿಂತಿತು. ಸಮಾಧಾನವಾಗಿ ಸಣ್ಣಗೆ ನಿಂತದ್ದಲ್ಲ. ಜೋರಾಗಿ ಅಳುತ್ತಿದ್ದದ್ದು ನಡುವೆಯೇ ತುಂಡಾಯಿತು. ಆಗಲೂ ಒಂದು ಗಳಿಗೆ ಮೀರಾ ಸುಮ್ಮನೆ ನಿಂತಳು. ಮೇಷ್ಟ್ರು ಇಳಿದು ಹೋಗಲಿ, ಆಮೇಲೆ ತಟ್ಟೋಣ ಎಂದುಕೊಂಡಳು. ಹೆತ್ತ ತಾಯಿ ಹಾಗೆ ಎಣಿಸಿದ್ದು ನಿಜ. ಮರುಗಳಿಗೆ ಎರಡೂ ಕೈಯಿಂದ ಬಾಗಿಲು ಬಡಿಯತೊಡಗಿದಳು.

"ಕವನಾ! ಬಾಗಿಲು ತೆಗಿ! ಪಾಪುಗೇನಾಯ್ತೇ? ಕವನಾ!"

ಒಳಗೆ ಸದ್ದಿಲ್ಲ.

"ಕವನಾನಾ? ಅವಳು ಸ್ಕೂಲಿಗೆ ಹೋಗಿಲ್ವಾ?" ಎಂದರು ಮೇಷ್ಟ್ರು.

"ಒಳಗೇ ಇದಾಳೆ ಮೇಷ್ಟ್ರೇ. ದಿನಾ ಒಳಗೇ ಇರ್ತಾಳೆ. ನಾನೇ ಸುಳ್ಳು ಹೇಳಿದ್ದು. ಆಮೇಲೆ ಯಾರಿಗೆ ಬೇಕಾದ್ರೂ ಹೇಳ್ಕೊಳ್ಳಿ. ಈಗ ನಿಮ್ಮ ಕಾಲಿಗೆ ಬೀಳ್ತೀನಿ, ಬಾಗಿಲು ಒಡೀರಿ!"

ಮೇಷ್ಟ್ರು ಬೈಯಲಿಲ್ಲ. "ತೆಗಿಯಮ್ಮ ಪುಟ್ಟಿ, ನಾನೇನೂ ಮಾಡಲ್ಲ" ಎಂದು ತಮ್ಮ ಗಡಸು ಗಂಟಲಲ್ಲಿ ಕೂಗಿದರು.

"ಅಯ್ಯೋ, ನೀವು ಮಾತಾಡ್ಬೇಡಿ! ನಿಮ್ಮ ದನಿಗೇ ಅವಳು ತೆಗೀತಿಲ್ಲ. ಹಾರೆ ತನ್ನಿ ಮೇಷ್ಟ್ರೇ!"

ಮೊಣಕಾಲು ನೋವಿನ ಮುದುಕರು ಪಂಚೆ ಎತ್ತಿಕಟ್ಟಿ ದಡದಡ ಇಳಿದು ಹೋದರು. ಮೀರಾ ಬಾಗಿಲಿಗೆ ಕಿವಿಯೊತ್ತಿದಳು. ಫ್ಯಾನ್ ತಿರುಗುವ ಸದ್ದು, ಅಷ್ಟೇ. ಫೋನು ಒಳಗಿತ್ತು, ಗಂಡ ಸತೀಶ ಮಾಚೇನಹಳ್ಳಿಯ ಕಾರ್ಖಾನೆಯಲ್ಲಿದ್ದ. "ಮೇಷ್ಟ್ರು ಹೋದ್ರು ಪುಟ್ಟಾ, ತೆಗಿ. ಅಮ್ಮ ಕಣೇ. ಅಮ್ಮ ಒಬ್ಳೇ ಇದೀನಿ." ಅಮ್ಮ ಕರೆದರೂ ತೆಗೆಯಬಾರದೆಂದು ಅಮ್ಮನಿಂದಲೇ ಕಲಿತ ಹುಡುಗಿ ತೆಗೆಯಲಿಲ್ಲ. ಕಲಿಸಿದ್ದನ್ನು ಮರೆಸುವುದು ಹೇಗೆಂದು ಮೀರಾಗೆ ಹೊಳೆಯಲಿಲ್ಲ. ಅವಳು ಬಾಗಿಲಿಗೆ ಹಣೆ ಚಚ್ಚಿಕೊಂಡಳು.

ಹಾರೆಯ ಏಟಿಗೆ ಚಿಲಕ ಕಿತ್ತು ಬಂತು. ಒಳಗೆ, ಬೀರುವಿನ ಪಕ್ಕದ ಸಂದಿಯಲ್ಲಿ ಕವನ ಮುದುಡಿ ಕುಳಿತಿದ್ದಳು. ಪಾಪುವನ್ನು ಎದೆಗೆ ಅವಚಿಕೊಂಡು, ಅದರ ಮೂಗು ಬಾಯಿ ಸೇರಿಸಿ ಅಂಗೈ ಒತ್ತಿ ಹಿಡಿದಿದ್ದಳು.

ಮೀರಾ ಮಗುವನ್ನು ಕಿತ್ತುಕೊಂಡಳು. ತುಟಿ ಕಪ್ಪಿಟ್ಟಿತ್ತು, ಕತ್ತು ವಾಲುತ್ತಿತ್ತು. ಬೆನ್ನು ಉಜ್ಜಿದಳು, ಅಂಗಾಲು ತಟ್ಟಿದಳು, ದೇವರ ಹೆಸರನ್ನೂ ಗಂಡನ ಹೆಸರನ್ನೂ ಒಟ್ಟಿಗೆ ಕೂಗಿದಳು. ಮಗು ಒಮ್ಮೆ ಬಿಕ್ಕಿತು. ಆಮೇಲೆ ಕಿಟಾರನೆ ಕಿರುಚಿ ಅಳತೊಡಗಿತು. ಅಷ್ಟು ಒಳ್ಳೆಯ ಸದ್ದನ್ನು ಅವಳು ಜನ್ಮದಲ್ಲಿ ಕೇಳಿರಲಿಲ್ಲ. ಮೇಷ್ಟ್ರು ಹಾರೆ ಹಿಡಿದೇ ಹೊಸ್ತಿಲ ಮೇಲೆ ಕುಸಿದು ಕುಳಿತರು.

ಕವನ ಹೊಸ್ತಿಲ ಕಡೆ ನೋಡಿದಳು, ಅಳುವ ಪಾಪುವಿನ ಕಡೆ ನೋಡಿದಳು. ಗಾಬರಿಯಿಂದ ಅಮ್ಮನ ಬಟ್ಟೆ ಹಿಡಿದು ಜಗ್ಗಿದಳು.

"ಸುಮ್ನಿರೋದನ್ನ ನಾನು ಹೇಳ್ಕೊಟ್ಟಿದ್ದೆ ಅಮ್ಮಾ," ಎಂದು ಪಿಸುಗುಟ್ಟಿದಳು. "ಪಾಪು ಕಲ್ತೂಬಿಟ್ಟಿದ್ದ. ನೀನು ಎತ್ಕೊಂಡ್ಮೇಲೆ ಮರ್ತ."